ಬೆನ್ನು ತಿರುಗಿಸಿದ ಮರ

ದೀಪದ ಮರ ಎಷ್ಟು ಎತ್ತರ ಇರಬೇಕು ಅಂತ ಅಕ್ಕ ಟೇಪು ಹಿಡಿದು ಅಳೆಯಲಿಲ್ಲ. ಹಿತ್ತಲ ಗೋಡೆಯ ಬುಡದಲ್ಲಿ ನಿಂತು, ತಲೆಯೆತ್ತಿ ನೋಡಿ, "ಇದರ ಎರಡರಷ್ಟು" ಅಂದಳು.

ಭಾವ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿದರು. "ಅದು ಕ್ರಿಸ್‌ಮಸ್ ಮರ ಅಲ್ಲ ಕಣೇ, ಮೊಬೈಲ್ ಟವರ್."

"ಟವರೇ ಆಗಲಿ. ಆ ಕಡೆಯವರು ಊಟಕ್ಕೆ ಕೂತರೆ ತಟ್ಟೆ ಮೇಲೆ ಇದರ ಬೆಳಕು ಬೀಳಬೇಕು."

ಆ ಕಡೆ ಅಂದರೆ ಕಾಲೊನಿ. ಈ ಕಡೆ ನಮ್ಮ ಓಣಿ. ನಡುವಿನ ಗೋಡೆಯಲ್ಲಿ, ನಮ್ಮ ಮನೆಗೆ ಅಂಟಿಕೊಂಡಂತೆ, ಒಂದು ಕಬ್ಬಿಣದ ಕಿರುಬಾಗಿಲು. ಕಾಲೊನಿಯ ಪಾತ್ರೆ ತೊಳೆಯುವವರು, ಮಗು ಆಡಿಸುವವರು, ನಲ್ಲಿ ರಿಪೇರಿಯವರು ಎಲ್ಲರೂ ಆ ಬಾಗಿಲಿನಿಂದಲೇ ಹೋಗಿ ಬರುತ್ತಿದ್ದರು. ಅಮ್ಮ ಅಲ್ಲಿನ ಮೂರು ಮನೆಗಳ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಮಳೆಗಾಲ ಮುಗಿದದ್ದೇ ತಡ, ಕಾಲೊನಿ ಸಂಘದವರು ಬಾಗಿಲಿಗೆ ಆ ಕಡೆಯಿಂದ ಬೀಗ ಜಡಿದರು. ಯಾಕೆ ಅಂದರೆ ಸುರಕ್ಷತೆ. ಇವರ ಮಕ್ಕಳ ಮೈ ಒರೆಸಿದ ಕೈಗಳಿಂದ ಇವರಿಗೆ ಸುರಕ್ಷತೆ ಬೇಕಾಯಿತು! ಈಗ ಅಮ್ಮ ಮೇನ್ ರೋಡಿಗೆ ಹೋಗಿ, ಪೆಟ್ರೋಲ್ ಬಂಕ್ ದಾಟಿ, ಗೋಡೆಯನ್ನು ಪೂರ್ತಿ ಸುತ್ತಿ, ದೊಡ್ಡ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಒಳಗೆ ಹೋಗಬೇಕು. ದಿನವಿಡೀ ನಿಂತೇ ದುಡಿಯುವವಳ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು.

ಅಕ್ಕನಿಗೆ ಬೇಕಾಗಿದ್ದು ಅದೊಂದೇ, ಆ ಬಾಗಿಲು ತೆರೆಯಬೇಕು. ಅರ್ಜಿ ಕೊಟ್ಟಳು, ಕೈ ಮುಗಿದಳು, ಜಗಳವಾಡಿದಳು. ಪ್ರತಿ ವರ್ಷ ಡಿಸೆಂಬರಿನಲ್ಲಿ ಕಾಲೊನಿಯ ಸೂರುಗಳಿಗೆಲ್ಲ ದೀಪದ ಸರ ಕಟ್ಟುತ್ತಿದ್ದವಳು ಅವಳೇ. ಅಲ್ಲಿ ಅವಳಿಗೆ ಏಣಿಯಮ್ಮ ಅಂತಲೇ ಹೆಸರು. ಈ ಸಲ ಏಣಿಯಮ್ಮ ಏಣಿ ಮಡಚಿಟ್ಟಳು.

ಕಾಲೊನಿಯವರು ಹಳೆಯದಾಯಿತು ಅಂತ ಎಸೆದ ಸರಗಳನ್ನು ವರ್ಷಗಳಿಂದ ಗೋಣಿಚೀಲದಲ್ಲಿ ತುಂಬಿಟ್ಟಿದ್ದಳು. ಅವನ್ನೆಲ್ಲ ನೆಲಕ್ಕೆ ಸುರಿದು, ಸೀಮೆಸುಣ್ಣದಲ್ಲಿ ಅರ್ಧ ಚಂದ್ರ ಬರೆದಳು. "ಮನೆ ಮುಂದೆ ನಿಲ್ಲಿಸೋ ದೀಪದ ಮರ ಯಾವಾಗಲೂ ಅರ್ಧವೇ. ಕೊಡೆಯನ್ನ ನಡುವೆ ಸೀಳಿದ ಹಾಗೆ. ನೋಡೋರ ಕಡೆ ದೀಪ, ಹಿಂದೆ ಬೋಳು. ನಮ್ಮದರ ಮುಖ ಗೋಡೆ ಕಡೆ."

"ನಮ್ಮ ಮರ, ನಮಗೇ ಬೆನ್ನಾ?" ಅಂದೆ ನಾನು.

"ನಮಗೆ ನೋಡೋಕೆ ಏನಿದೆ? ನೋಡಬೇಕಾದವರು ಅವರು."

ಏನು ನೋಡಬೇಕು ಅನ್ನುವುದನ್ನೂ ಯೋಚಿಸಿಟ್ಟಿದ್ದಳು. ಮರದ ನಡುವೆ ಒಂದು ಕೆಂಪು ಪಟ್ಟಿ, ಅದು ಗೋಡೆ. ಬುಡದಲ್ಲಿ ಒಂದು ಹಳದಿ ಚುಕ್ಕಿ ಕುಂಟುತ್ತಾ ಕುಂಟುತ್ತಾ ಹೊರಡಬೇಕು. ಪಟ್ಟಿಗೆ ಬಂದು ಡಿಕ್ಕಿ ಹೊಡೆಯಬೇಕು, ಹಿಂದಕ್ಕೆ ಬೀಳಬೇಕು, ಈ ತುದಿಯಿಂದ ಆ ತುದಿಗೆ ಸುತ್ತಬೇಕು. ಕೊನೆಗೆ ಪಟ್ಟಿ ಒಂದು ಕಡೆ ಒಡೆದು, ಚುಕ್ಕಿ ಒಳಗೆ ನುಗ್ಗಿ, ತುದಿಯ ನಕ್ಷತ್ರಕ್ಕೆ ಏರಬೇಕು. ದೀಪಗಳನ್ನು ಒಂದೊಂದಾಗಿ ಹೊತ್ತಿಸಿ ಆರಿಸುವ ಕಂಪ್ಯೂಟರಿಗೆ ಅದನ್ನು ಕಲಿಸಲು ಅವಳು ಪಟ್ಟ ಪಾಡು ಒಂದೆರಡಲ್ಲ. ಚುಕ್ಕಿ ಮೊದಲು ಓಡಿತು, ಆಮೇಲೆ ಕುಣಿಯಿತು. ಕುಂಟುವುದನ್ನು ಕಲಿಯಲು ವಾರ ಹಿಡಿಯಿತು.

ಕಂಬಕ್ಕೆ ಭಾವ ತಮ್ಮ ಶೆಡ್ಡಿನ ಪೈಪುಗಳನ್ನು ಬೆಸೆದರು. ಗಾಳಿಗೆ ಬೀಳದಂತೆ ನಾಲ್ಕು ಕಡೆ ಎಳೆದು ಕಟ್ಟುವ ತಂತಿಗೆ ಅಕ್ಕಪಕ್ಕದವರು ತಮ್ಮ ಮನೆಯ ಕಂಬ ಕೊಟ್ಟರು. ನನ್ನದು ಹೊಲಿಗೆ. ದಪ್ಪ ಕಪ್ಪು ಪಟ್ಟಿಗಳ ಉದ್ದಕ್ಕೂ ಒಂದೊಂದು ದೀಪವನ್ನೂ ಕೂರಿಸಿ ಹೊಲಿಯಬೇಕು, ಹಿಂದಿನಿಂದ ಒಂದಿಷ್ಟೂ ಬೆಳಕು ಸೋರಬಾರದು.

ಕಂಬ ನಿಲ್ಲಿಸುವ ದಿನ ಸಂಘದ ಕಾರ್ಯದರ್ಶಿ ಬಂದರು.

"ಸಾರ್, ಅಷ್ಟು ದೂರ ಸುತ್ತಿ ಬಂದ್ರಾ? ಕಾಲು ನೋಯ್ತಿರಬೇಕು, ಕೂತ್ಕೊಳ್ಳಿ" ಅಂದಳು ಅಕ್ಕ.

"ಕಾರಲ್ಲಿ ಬಂದೆ. ನೋಡಮ್ಮ, ಇದು ಗೋಡೆಗಿಂತ ಮೇಲೆ ಕಾಣೋ ಹಾಗಿಲ್ಲ. ಕಾಲೊನಿಯ ಅಂದ ಕೆಡುತ್ತೆ. ನೀನು ಸುಮ್ಮನೆ ಬಂದು ಎಂದಿನ ಹಾಗೆ ನಮ್ಮ ದೀಪ ಕಟ್ಟು. ಹಬ್ಬ ಮುಗೀಲಿ, ಬಾಗಿಲ ವಿಷಯ ಮೀಟಿಂಗಲ್ಲಿ ಇಡೋಣ."

"ಬಾಗಿಲು ತೆಗೀರಿ, ಆಮೇಲೆ ಮಾತು."

"ಹಟ ಒಳ್ಳೇದಲ್ಲ."

"ನಮ್ಮ ಹಿತ್ತಲು ಸಾರ್. ಆಕಾಶಕ್ಕೂ ನಿಮ್ಮ ಸಂಘದ ಪರ್ಮಿಶನ್ ಬೇಕಾ?"

ಅವರು ಹೋದ ಮೇಲೆ ಅಕ್ಕ ಕಂಬಕ್ಕೆ ಇನ್ನೊಂದು ತುಂಡು ಬೆಸೆಸಿದಳು.

ಹಬ್ಬದ ಹಿಂದಿನ ಸಂಜೆ ಓಣಿಯೆಲ್ಲ ನಮ್ಮ ಹಿತ್ತಲಲ್ಲಿ ನೆರೆಯಿತು. ನೋಡುವುದಕ್ಕಲ್ಲ, ಹಗ್ಗ ಎಳೆಯುವುದಕ್ಕೆ. ಪಟ್ಟಿಗಳನ್ನು ತೂಗುಹಾಕಿದ ಕಬ್ಬಿಣದ ಬಳೆ ಕಂಬದ ತುದಿಗೆ ಏರಿತು. ಕೆಳತುದಿಗಳನ್ನು ಗೋಡೆಯ ಬುಡದಲ್ಲಿ ಅರ್ಧ ಚಂದ್ರದಂತೆ ಬಾಗಿಸಿಟ್ಟ ಪೈಪಿಗೆ ಬಿಗಿದಾಯಿತು. ಅಕ್ಕ ಸ್ವಿಚ್ ಹಾಕಿದಳು.

ಬೆಳಕು ಬಂತು. ಆದರೆ ಗೋಡೆಯ ಕಡೆ ಅಲ್ಲ, ನಮ್ಮ ಮೇಲೆ!

ತಪ್ಪು ನನ್ನದೇ. ಹೊಲಿಗೆಯವರು ನಾವು ಬಟ್ಟೆಯ ಒಳಮೈಯನ್ನು ಮೇಲೆ ಮಾಡಿ ಹೊಲಿಯುತ್ತೇವೆ, ಆಮೇಲೆ ಮಗುಚುತ್ತೇವೆ. ಕೈಗೆ ಅದೇ ರೂಢಿ. ಪಟ್ಟಿಗಳನ್ನೂ ಹಾಗೇ ಹೊಲಿದು, ಕೊಂಡಿಗಳನ್ನೂ ಹಾಗೇ ಕೂರಿಸಿದ್ದೆ. ಮಗುಚಲು ಇದೇನು ರವಿಕೆಯೇ? ದೀಪಗಳೆಲ್ಲ ಒಳಕ್ಕೆ ಮುಖ ಮಾಡಿ ನಮ್ಮನ್ನೇ ದಿಟ್ಟಿಸುತ್ತಿದ್ದವು. ಕಾಲೊನಿಗೆ ಕಾಣುತ್ತಿದ್ದದ್ದು ಕಪ್ಪು ಪಟ್ಟಿಯ ಬೆನ್ನು.

"ಏನಮ್ಮಾ ಟೈಲರಮ್ಮ, ಅಂಗಿ ಉಲ್ಟಾ ಹಾಕಿಬಿಟ್ಟೆಯಲ್ಲ ಮರಕ್ಕೆ!" ಭಾವ ನಗತೊಡಗಿದರು.

ಅಕ್ಕ ನಗಲಿಲ್ಲ. "ಇಷ್ಟೆಲ್ಲ ಮಾಡಿದ್ದು ಯಾರಿಗೆ ಅಂತ ಗೊತ್ತಿತ್ತು ತಾನೇ ನಿಂಗೆ? ಇಳಿಸಿ! ಎಲ್ಲಾ ಬಿಚ್ಚಿ ಮತ್ತೆ ಹೊಲಿ."

ಅಷ್ಟರಲ್ಲಿ ಹಳದಿ ಚುಕ್ಕಿ ಹೊರಟಿತು. ಕುಂಟಿತು, ಡಿಕ್ಕಿ ಹೊಡೆಯಿತು, ಹಿಂದಕ್ಕೆ ಬಿತ್ತು. ಸ್ಟೂಲಿನ ಮೇಲೆ ಕೂತು ಮೊಣಕಾಲು ಉಜ್ಜುತ್ತಿದ್ದ ಅಮ್ಮನ ಕೈ ನಿಂತಿತು.

"ಅದು ನಾನಾ?"

ಅಮ್ಮ ಚುಕ್ಕಿಯತ್ತ ಬೆರಳು ತೋರಿದಳು.

"ಅಷ್ಟು ನಿಧಾನ ನಡೀತೀನಾ ನಾನು? ಇನ್ನೊಂಚೂರು ಜೋರು ಮಾಡೇ."

ಓಣಿಯವರು ಗೊಳ್ಳೆಂದರು. ಕೆಂಪು ಪಟ್ಟಿ ಒಡೆದು ಚುಕ್ಕಿ ಒಳನುಗ್ಗಿದಾಗ ಎದ್ದ ಕೇಕೆ ಆಕಾಶಕ್ಕೆ ಮುಟ್ಟಿತು. ಇಡೀ ವರ್ಷ ಬೇರೆಯವರ ಮನೆಗೆ ದುಡಿದವರ ಮುಖಗಳ ಮೇಲೆ ಮೊದಲ ಸಲ ತಮ್ಮದೇ ಬೆಳಕು ಬಿದ್ದಿತ್ತು. ಅಕ್ಕ ಆ ಮುಖಗಳನ್ನೇ ನೋಡುತ್ತಾ ನಿಂತಳು.

"ಇಳಿಸ್ಲಾ?" ಅಂದರು ಭಾವ, ಹಗ್ಗ ಹಿಡಿದು.

"ಬೇಡ" ಅಂದಳು. "ಹೀಗೇ ಇರ್ಲಿ. ಅವರು ಬೆನ್ನು ನೋಡ್ಲಿ."

ಹತ್ತು ನಿಮಿಷವೂ ಆಗಿರಲಿಲ್ಲ, ಗೋಡೆಯ ಮೇಲೆ ಒಂದು ತಲೆ ಎದ್ದಿತು. ಕಾರ್ಯದರ್ಶಿ. ಏಣಿ ಹತ್ತುವ ಸರದಿ ಈಗ ಅವರದು.

"ಏನಮ್ಮ ಇದು, ನಮ್ಮ ಕಡೆ ಬೆನ್ನು ಮಾಡಿ ನಿಲ್ಲಿಸಿದೀಯ?"

"ಮೊದಲು ಕಾಣಬಾರದು ಅಂದ್ರಿ. ಈಗ ಕಾಣ್ತಿಲ್ಲ ಅಂತೀರಾ?"

"ಮಕ್ಕಳು ತಾರಸಿ ಮೇಲೆ ನಿಂತು ಒಂದೇ ಸಮ ಅಳ್ತಿವೆ. ಇಲ್ಲಿ ಬರೀ ಗಲಾಟೆ ಕೇಳುತ್ತೆ, ಏನೂ ಕಾಣಲ್ಲ. ಸ್ವಲ್ಪ ಈ ಕಡೆ ತಿರುಗಿಸು."

"ಮರ ತಿರುಗಲ್ಲ ಸಾರ್. ಬಾಗಿಲು ತಿರುಗುತ್ತೆ."

"ಬಾಗಿಲು ಬೇರೆ ವಿಷಯ..."

"ಹಾಗಾದ್ರೆ ದೊಡ್ಡ ಗೇಟಿಂದ ಬರ್ಲಿ. ಪೆಟ್ರೋಲ್ ಬಂಕ್ ದಾಟಿ, ಮೇನ್ ರೋಡ್ ಹಿಡಿದು."

"ಅಷ್ಟು ದೂರ ನಡೀತಾರೇನಮ್ಮಾ ಯಾರಾದ್ರೂ!"

ಅಮ್ಮ ಕೂತಲ್ಲಿಂದಲೇ ತಲೆಯೆತ್ತಿದಳು. "ನಡೀತಾರೆ ಸಾರ್. ಅಭ್ಯಾಸ ಆಗುತ್ತೆ."

ತಲೆ ಕೆಳಗಿಳಿಯಿತು. ಆ ಕಡೆ ಗುಸುಗುಸು, ಯಾವುದೋ ಮಗುವಿನ ರಂಪ, ಒಂದು ಹೆಣ್ಣುಧ್ವನಿ: "ತೆಗೀರಿ ಅಂದ್ರೆ ತೆಗೀರಿ, ನಮ್ಮನೆ ಇಸ್ತ್ರಿಯವರ ಮನೆ ತಾನೇ ಅದು!" ಕೀಲಿಕೈ ತಡಕಾಡಿತು. ತುಕ್ಕು ಹಿಡಿದ ಬಾಗಿಲು ಕಿರ್ರ್ ಎಂದು ತಿರುಗಿತು.

ಮಕ್ಕಳು ನುಗ್ಗಿ ಬಂದು ನಮ್ಮ ಓಣಿಯ ಮಕ್ಕಳ ನಡುವೆ ಸೇರಿಹೋದವು. ಹಿಂದೆ ದೊಡ್ಡವರು, ನೆಂಟರ ಮನೆಗೆ ಕರೆಯದೆ ಬಂದವರಂತೆ. ಕಾರ್ಯದರ್ಶಿ ಬೀಗ ಕೈಯಲ್ಲೇ ಹಿಡಿದುಕೊಂಡಿದ್ದರು.

"ಇವತ್ತಿಗೆ ಮಾತ್ರ" ಅಂದರು. "ನೋಡಿದ ಮೇಲೆ ಹಾಕಿಬಿಡ್ತೀವಿ."

ಅಮ್ಮ ಎದ್ದು ಬಾಗಿಲವರೆಗೆ ಕುಂಟಿಕೊಂಡು ಹೋಗಿ, ಅದನ್ನು ಒಮ್ಮೆ ಹಿಂದೆ ಮುಂದೆ ಆಡಿಸಿದಳು.

"ಅಳಿಯಂದ್ರೇ, ಇದು ಎಷ್ಟು ಕಿರುಗುಟ್ಟುತ್ತೆ ನೋಡಿ."

ಭಾವ ಬಗ್ಗಿ ಕೀಲುಗಳನ್ನು ಮುಟ್ಟಿ ನೋಡಿದರು. ಮುಖ ಗಂಭೀರವಾಯಿತು. "ಪೂರ್ತಿ ತಿಂದುಹೋಗಿದೆ ಅತ್ತೆ. ಮಕ್ಕಳ ಮೇಲೆ ಬಿದ್ದರೆ? ಸುರಕ್ಷತೆ ಮುಖ್ಯ." ಹೆಗಲು ಕೊಟ್ಟು ಒಂದೇ ಸಲಕ್ಕೆ ಬಾಗಿಲನ್ನು ಕೀಲಿನಿಂದ ಮೇಲಕ್ಕೆತ್ತಿ ಶೆಡ್ಡಿನ ಕಡೆ ನಡೆದರು.

"ಏಯ್, ಎಲ್ಲಿಗೆ ಒಯ್ತಿದೀಯ?"

"ರಿಪೇರಿಗೆ ಸಾರ್! ಮೀಟಿಂಗಲ್ಲಿ ಇಡಿ, ಯಾವಾಗ ಬೇಕು ಅಂತ ಹೇಳಿ."

ಹಬ್ಬ ಕಳೆದ ಮಾರನೇ ದಿನ ಬೆಳಿಗ್ಗೆ ಅಮ್ಮ ಚೀಲ ಹಿಡಿದು ಆ ಖಾಲಿ ಚೌಕಟ್ಟಿನ ಮೂಲಕ ಕೆಲಸಕ್ಕೆ ಹೋದಳು. ನಿಧಾನವಾಗಿ, ತನ್ನದೇ ನಡಿಗೆಯಲ್ಲಿ, ಯಾರಿಗೂ ಚೀಲ ತೋರಿಸದೆ.