ದೀಪದ ಟೋಪಿ

"ಇಲ್ಲಿ ನೋಡಿ ಅತ್ತೆ, ಬೈತಲೆ ಹತ್ರ. ನನಗಷ್ಟೇ ಹಂಗೆ ಕಾಣ್ತಿದೆಯೋ, ನಿಜವಾಗ್ಲೂ ಬಂದಿದೆಯೋ?"

ರಾಧಾಮಣಿ ಬಾಗಿಲ ಬೆಳಕಿಗೆ ನೆತ್ತಿಯೊಡ್ಡಿ ಕೂತಿದ್ದಳು. ವರಲಕ್ಷ್ಮಮ್ಮ ಕನ್ನಡಕ ಏರಿಸಿಕೊಂಡು ಸೊಸೆಯ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿದಳು. ಬಂದಿತ್ತು. ಹೋದ ವರ್ಷ ಬರೀ ಚರ್ಮ ಹೊಳೆಯುತ್ತಿದ್ದ ಜಾಗದಲ್ಲಿ ಹಸುಗೂಸಿನ ತಲೆಯ ಮೇಲಿರುವಂಥ ಮೆತ್ತನೆಯ ಕೂದಲು.

"ಬಂದದೆ ಕಣೆ. ಚೆನ್ನಾಗೇ ಬಂದದೆ," ಅಂದಳು. ಅಂದ ಬಾಯಿ ಮುಚ್ಚುವಷ್ಟರಲ್ಲಿ ಹರಕೆ ನೆನಪಾಯಿತು. ಬೆರಳು ಅಲ್ಲೇ ನಿಂತಿತು.

ಕೊಡಿಗೇಹಳ್ಳಿಯ ಆ ಮನೆಯ ಮುಂಗೋಣೆಯಲ್ಲಿ ರಾಧಾಮಣಿ ಬ್ಲೌಸ್ ಹೊಲಿಯುತ್ತಿದ್ದಳು. ಕೈ ಚುರುಕು, ಗಿರಾಕಿಗಳಿಗೆ ಬರವಿರಲಿಲ್ಲ. ಆದರೆ ಬೈತಲೆ ಅಗಲವಾಗುತ್ತಾ ಹೋದಂತೆ ಅವಳು ಅಳತೆ ತೆಗೆಯುವುದನ್ನೇ ಬಿಟ್ಟಳು. ಟೇಪು ಹಿಡಿದು ಬಗ್ಗಿದರೆ ಎದುರಿಗಿದ್ದವರ ಕಣ್ಣು ನೆತ್ತಿಯ ಮೇಲೆಯೇ ಬೀಳುತ್ತದಲ್ಲ. "ಹಳೇ ಬ್ಲೌಸ್ ಒಂದು ತಂದ್ಕೊಡಿ, ಅದನ್ನೇ ನೋಡಿ ಹೊಲೀತೀನಿ" ಅನ್ನುವಳು. ತರದವರು ಬೇರೆ ಅಂಗಡಿಗೆ ಹೋಗುವರು. ಗಂಡ ಮುನೇಶ್ ಆರ್.ಟಿ. ನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಹೇಳಿದಂತೆ, ಕೂದಲು ಬೆಳೆಯಲೆಂದು ಒಳಗೆ ಕೆಂಪು ದೀಪ ಉರಿಯುವ ಟೋಪಿಯೊಂದು ಮನೆಗೆ ಬಂತು. ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳಲಾಗದು, ತಿಂಗಳುಗಟ್ಟಲೆ ಬಿಡದೆ ಹಾಕಿಕೊಳ್ಳಬೇಕು ಅಂದಿದ್ದರು ಡಾಕ್ಟರು. ವರಲಕ್ಷ್ಮಮ್ಮ ಅದಕ್ಕೆ ದೀಪದ ಟೋಪಿ ಅಂತ ಹೆಸರಿಟ್ಟಳು.

ಹೆಸರಿಟ್ಟು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಒಂದು ದಿನ ಸೊಸೆ ಟೋಪಿ ತೊಟ್ಟು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ತಡೆಯಲಾರದೆ, ಬಾಗಲೂರಿನ ಆಚೆ ತೋಪಿನಲ್ಲಿರುವ ಮನೆದೇವರು ಮುನೇಶ್ವರನಿಗೆ ಕೈಮುಗಿದುಬಿಟ್ಟಳು. ಜ್ವರ ಬರಲಿ, ಬೋರ್‌ವೆಲ್ ಬತ್ತಲಿ, ಆ ಮನೆಯಲ್ಲಿ ಹರಕೆ ಅಂದರೆ ಮುಡಿ ಕೊಡುವುದೊಂದೇ. ಅದೇ ರೂಢಿಯಲ್ಲಿ, "ಅವಳ ಕೂದ್ಲು ಬರ್ಸಪ್ಪ, ಅವಳ ತಲೆ ಬೋಳಿಸಿ ಮುಡಿ ಕೊಡಿಸ್ತೀನಿ" ಅಂದಿದ್ದಳು.

ಸೊಸೆಯ ನೆತ್ತಿ ನೋಡಿದ ದಿನ ಸಂಜೆ ಇದನ್ನು ಗಂಡನಿಗೆ ಹೇಳಿದಾಗ ಮುನಿಆಂಜಿನಪ್ಪ ಕೆಮ್ಮು ಬರುವವರೆಗೂ ನಕ್ಕ.

"ಕೂದ್ಲು ಬರ್ಲಿ ಅಂತ ಕೂದ್ಲನ್ನೇ ಹರಕೆ ಹೇಳ್ಕೊಂಡವಳು ನೀನೊಬ್ಳೇ ಇರ್ಬೇಕು."

"ನಗ್ಬೇಡ. ಈಗೇನ್ ಮಾಡೋದು ಹೇಳು."

"ಮುನೇಶನ ತಲೆ ಬೋಳಿಸಿದ್ರಾಯ್ತು."

"ಅವನಿಗೇಳಿದ್ರೆ ಅವಳ ಕಿವಿಗೂ ಬೀಳ್ತದೆ. ಹರಕೆ ಅಂದ್ರೆ ನನಗಿಂತ ಅವಳಿಗೇ ಭಯ. ತಾನೇ ಓಗಿ ಕೂತ್ಕೋತಾಳೆ."

ಅದು ಸುಳ್ಳಲ್ಲವೆಂದು ಮುನಿಆಂಜಿನಪ್ಪನಿಗೂ ಗೊತ್ತಿತ್ತು. ನಗು ನಿಂತಿತು.

ಮಾರನೆಯ ದಿನ ಇಬ್ಬರೂ ಸ್ಕೂಟರಿನಲ್ಲಿ ತೋಪಿಗೆ ಹೋದರು. ಪೂಜಾರಿ ಚಿಕ್ಕಹನುಮಯ್ಯ ಎಲ್ಲ ಕೇಳಿ ಗಡ್ಡ ಕೆರೆದುಕೊಂಡ. "ಅವಳದೇ ತಲೆ ಆಗ್ಬೇಕು ಅಂತೇನಿಲ್ಲ, ಅದೇ ಮನೆ ತಲೆ ಆದ್ರೂ ಅಪ್ಪ ಒಪ್ಕೋತಾನೆ. ಆದ್ರೆ ನೀನು ಬೋಳಿಸ್ತೀನಿ ಅಂದಿದ್ದೀಯ ತಾಯಿ. ಮೂರು ಎಳೆ ಕೂದ್ಲು ಕತ್ತರಿಸಿಬಿಟ್ರೆ ಆಗಾಕಿಲ್ಲ," ಅಂದು ಮುನಿಆಂಜಿನಪ್ಪನ ತಲೆಯ ಕಡೆ ನೋಡಿದ. ಅಲ್ಲಿ ದೇವರಿಗೆ ಕೊಡುವಂಥದ್ದು ಏನೂ ಉಳಿದಿರಲಿಲ್ಲ. ಪೂಜಾರಿ ಮರ್ಯಾದೆಗೆ ಬೇರೆ ಕಡೆ ಮುಖ ತಿರುಗಿಸಿದ.

ವರಲಕ್ಷ್ಮಮ್ಮ ತುರುಬಿಗೆ ಕೈ ಹಾಕಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಕೇರಿಯ ಹೆಂಗಸರು ಬಂದು ಮುಟ್ಟಿ ನೋಡಿದ ಕೂದಲು ಅದು. ನೆರೆತರೂ ಇಂದಿಗೂ ಒಂದು ಹಿಡಿಗೆ ಸಿಗುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವಿತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಕ್ಷೌರದವನ ಮುಂದೆ ಕೂತು ತಾನೇ ತುರುಬು ಬಿಚ್ಚಿದಳು.

"ಬೇಗ ಮಾಡಪ್ಪ," ಅಂದಳು.

ಮನೆಗೆ ಬಂದಾಗ ಸೆರಗು ಬಿಗಿಯಾಗಿ ಹೊದ್ದಿದ್ದಳು. ಆದರೂ ರಾಧಾಮಣಿಗೆ ಕಾಣದೆ ಹೋದೀತೇ? ಮಿಷನ್ ನಿಲ್ಲಿಸಿ ಎದ್ದು ಬಂದಳು.

"ಏನತ್ತೆ ಇದು?"

"ಹರಕೆ ಇತ್ತು."

"ಯಾವ್ದು? ನನಗ್ಯಾಕೆ ಹೇಳ್ಲಿಲ್ಲ?"

"ಹಳೇದು. ನೀನು ಕೆಲ್ಸ ನೋಡೋಗು."

ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಮುನಿಆಂಜಿನಪ್ಪ ಸ್ಕೂಟರಿನ ಹತ್ತಿರದಿಂದಲೇ ಹೇಳಿಬಿಟ್ಟ. "ನಿನ್ ಕೂದ್ಲು ಬಂದ್ರೆ ನಿನ್ ತಲೇನೇ ಬೋಳಿಸ್ತೀನಿ ಅಂತ ಹೇಳ್ಕೊಂಡಿದ್ಳು ಕಣಮ್ಮ. ತಪ್ಪು ಗೊತ್ತಾಗಿ ಇಂಗ್ ಮಾಡವ್ಳೆ."

ರಾಧಾಮಣಿ ಅತ್ತೆಯ ಮುಖ ನೋಡಿದಳು. ಒಳಗೆ ಹೋಗಿ ಟೋಪಿ ತಂದಳು.

"ನನಗ್ಯಾಕೆ ಅದು? ನನ್ ಕೂದ್ಲು ತಾನಾಗೇ ಬರ್ತದೆ."

"ಗೊತ್ತು. ಕೂತ್ಕೊಳ್ಳಿ ಅತ್ತೆ."

ಸೆರಗು ಸರಿಸಿ, ಬೋಳು ತಲೆಗೆ ಹಚ್ಚಿದ್ದ ಗಂಧ ತಾಗದಂತೆ ಮೆಲ್ಲಗೆ ಟೋಪಿ ಇಟ್ಟು ಗುಂಡಿ ಒತ್ತಿದಳು. ವರಲಕ್ಷ್ಮಮ್ಮನ ಹಣೆಯ ಮೇಲೆ ಕೆಂಪು ಬೆಳಕು ಇಳಿಯಿತು. ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ. ಮೊರ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದಳು.

ಅಷ್ಟರಲ್ಲಿ ಹಿಂದಿನ ಬೀದಿಯ ರತ್ನಕ್ಕ ಬ್ಲೌಸ್ ಪೀಸು ಹಿಡಿದುಕೊಂಡು ಬಂದಳು. ಟೋಪಿಯ ಕಡೆ ಒಮ್ಮೆ ಬೆರಗಾಗಿ ನೋಡಿ, "ಅಳತೆ ಬ್ಲೌಸ್ ತರೋದು ಮರ್ತೆ ಕಣಮ್ಮ, ಆಮೇಲೆ ಬರ್ಲಾ?" ಅಂದಳು.

"ಬೇಡ ಬಿಡಿ ರತ್ನಕ್ಕ, ನಿಂತ್ಕೊಳ್ಳಿ," ಅಂದಳು ರಾಧಾಮಣಿ. ಕೊರಳಲ್ಲಿದ್ದ ಟೇಪು ತೆಗೆದು, ರತ್ನಕ್ಕನ ಮೈ ಸುತ್ತ ಬಳಸಿ, ಅಂಕಿ ನೋಡಲು ತಲೆ ಬಗ್ಗಿಸಿದಳು.

ವರಲಕ್ಷ್ಮಮ್ಮ ಟೋಪಿಯ ಕೆಳಗಿನಿಂದ ಆ ಬೈತಲೆಯನ್ನು ನೋಡಿದಳು. ಆಮೇಲೆ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು.