ಬಣವಿಗೆ ಹುಟ್ಟಿದ ಕಾಲು

ಬಸ್ಸಿನ ಗಾಜಿನಲ್ಲಿ ಕಂಡದ್ದು ತನ್ನದೇ ಮುಖ ಅಂದುಕೊಂಡಳು ದೀಪಾಲಿ, ಆದರೆ ಅದರ ಕಣ್ಣು ಮುಚ್ಚಿದ್ದವು, ತನ್ನವು ತೆರೆದೇ ಇವೆಯಲ್ಲ, ಖಾರದ ಕೈ ತಾಗಿದಂತೆ ಉರಿಯುತ್ತಿವೆಯಲ್ಲ — ಓಹೋ, ಇದು ಸೋನಿ, ತನ್ನ ಹೆಗಲಿಗೆ ತಲೆ ಆನಿಸಿ ಮಲಗಿರುವ ಸೋನಾಲಿ, ತನ್ನ ಬೆನ್ನಿಗೇ ಅದೇ ಹೊಟ್ಟೆಯಿಂದ ಬಂದವಳು, ಅದೇ ಮೂಗು, ಅದೇ ಗದ್ದ, ಅವ್ವನೇ ಎಷ್ಟೋ ಸಲ ಒಬ್ಬಳ ತಲೆಗೆ ಎರಡು ಬಾರಿ ಎಣ್ಣೆ ಹಚ್ಚಿ ಇನ್ನೊಬ್ಬಳನ್ನು ಒಣತಲೆಯಲ್ಲೇ ಶಾಲೆಗೆ ಕಳಿಸಿದ್ದಳಂತೆ, ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದ್ದೇ ತಡ ಕಣ್ಣು ಮುಚ್ಚಿದ್ದಾಳೆ ಪುಣ್ಯಾತ್ಗಿತ್ತಿ, ನಿದ್ದೆ ಬರುತ್ತದೆ ಬಿಡು, ಸರ್ಕಾರಿ ಸೀಟು ಸಿಕ್ಕವಳಿಗೆ ಬಾರದ ನಿದ್ದೆ ಇನ್ಯಾರಿಗೆ ಬರಬೇಕು, ದನದ ಡಾಕ್ಟರಾಗುವವಳು, ವೆಟರ್ನರಿ ಅನ್ನುವ ಮಾತು ಇವತ್ತಿಗೂ ನಾಲಗೆಯಲ್ಲಿ ಹೊರಳುವುದಿಲ್ಲ, ಯೆಟ್ನರಿ ಅನ್ನುತ್ತಾಳೆ, ಅನ್ನಲಿ, ಯೆಟ್ನರಿ ಅಂದರೂ ಸೀಟು ಅವಳದೇ. ಅವಳ ಕಾಗದಗಳ ಫೈಲು ಮಾತ್ರ ತನ್ನ ತೊಡೆಯ ಮೇಲೆ, ಹೊರುವ ಕತ್ತೆ ತಾನು, ನಸುಕಿನಲ್ಲಿ ಅಪ್ಪ ಕೂರಿಗೆ ಹೂಡುತ್ತ ಹೇಳಿದನಲ್ಲ, ನೀ ತಿಳಿದಾಕಿ ಅದಿ, ಅಕಿಗಿ ಬೀದರ ಅಂದ್ರ ಎಲ್ಲಿ ಹೋಗ್ಬೇಕು ಯಾರ್‍ನ ಕೇಳ್ಬೇಕು ಏನೂ ಗೊತ್ತಾಗಂಗಿಲ್ಲ, ನೀನೇ ಕರ್ಕೊಂಡು ಹೋಗು, ಹದ ಬಂದೈತಿ, ನಾ ಬಿತ್ತಿಗಿ ಬಿಟ್ಟು ಬರಾಕ ಆಗಂಗಿಲ್ಲ. ಆಯಿತಪ್ಪಾ ಅಂದಿದ್ದಳು. ಅಷ್ಟು ಹೇಳುವಾಗ ಅಪ್ಪ ತನ್ನ ಮುಖ ನೋಡಿರಲಿಲ್ಲ, ಎತ್ತಿನ ಮುಖ ನೋಡಿಯೇ ಹೇಳಿದ. ಈ ಬಸ್ಸು ಕಲಬುರಗಿಗೆ ಹೋಗುವಂಥದ್ದು, ಹುಮನಾಬಾದಿನಲ್ಲಿ ಇಳಿದು ಬೀದರ ಬಸ್ಸು ಹಿಡಿಯಬೇಕು, ಕಾಗದ ತೋರಿಸಲು ಇವತ್ತೇ ಕಡೆಯ ದಿನ, ತಪ್ಪಿದರೆ ಸೀಟು ಇನ್ಯಾರ ಪಾಲೋ.

ಇನ್ಯಾರ ಪಾಲೋ — ತನ್ನ ಪಾಲಿಗಂತೂ ಅಲ್ಲ, ಅದನ್ನು ಸೀಟು ಹಂಚುವ ಕಚೇರಿಯ ಕಿಟಕಿಯಲ್ಲಿ ಕೂತ ಸಾಹೇಬ ಮೊದಲೇ ಹೇಳಿಬಿಟ್ಟಿದ್ದ, ಪಾಪ ಒಳ್ಳೆಯ ಮನುಷ್ಯ, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಕನ್ನಡಕ ತೆಗೆದು ಮೆಲ್ಲಗೆ ಹೇಳಿದ, ನಿನ್ನ ನಂಬರ ಭಾಳ ಛಲೋ ಬಂದೈತಿ ತಂಗಿ, ಖರೇ ಹೇಳ್ಬೇಕಂದ್ರ ನಿಮ್ಮ ತಂಗಿಗಿಂತ ಎಷ್ಟೋ ಮುಂದ ಅದಿ, ಆದ್ರ ಏಳು ವರ್ಷ ಕರ್ನಾಟಕದಾಗ ಓದಿರ್ಬೇಕವ್ವಾ, ನಿಂದು ಆರೇ ಆಗ್ಯಾವ. ಒಂದರಿಂದ ನಾಲ್ಕು ಮೋರಖಂಡಿಯಲ್ಲಿ, ಪಿಯುಸಿಯ ಎರಡು ಹುಮನಾಬಾದಿನಲ್ಲಿ, ನಡುವಿನದೆಲ್ಲ ಉಮರ್ಗಾದಲ್ಲಿ, ಅದು ಮಹಾರಾಷ್ಟ್ರ. ಸಾಹೇಬ್ರ ನಾ ಹುಟ್ಟಿದ್ದು ಕಲ್ಯಾಣದ ದವಾಖಾನ್ಯಾಗ, ಇಕಿ ಸಂಗಟೇ ಹುಟ್ಟೀನಿ, ಹೊಲ ಇಲ್ಲೇ, ಮನಿ ಇಲ್ಲೇ ಅಂದಳು. ಹುಟ್ಟಿದ್ದು ಕೇಳಂಗಿಲ್ಲ ತಂಗಿ, ಓದಿದ್ದು ಕೇಳ್ತಾರ, ನಿಮ್ಮಪ್ಪರ ಇಲ್ಲಂದ್ರ ನಿಮ್ಮವ್ವರ ಏಳು ವರ್ಷ ಇಲ್ಲಿ ಓದಿದ್ರ ಅದನ್ನರ ತೋರಿಸ್ಬಹುದಿತ್ತು ಅಂದ. ಅಪ್ಪ ಸಿದ್ದಪ್ಪ ನಾಲ್ಕನೆಯ ಇಯತ್ತೆಗೇ ಎತ್ತಿನ ಹಿಂದೆ ಹೋದವನು, ಅವ್ವ ಜಗದೇವಿಯ ತವರು ಉಮರ್ಗಾ, ಅವಳು ಕಲಿತದ್ದೆಲ್ಲ ಮರಾಠಿ, ಇಬ್ಬರೂ ಕಿಟಕಿಯ ಮುಂದೆ ತಪ್ಪು ಮಾಡಿದ ಮಕ್ಕಳಂತೆ ತಲೆ ಬಗ್ಗಿಸಿ ನಿಂತಿದ್ದರು. ಹಂಗಾದ್ರ ಇಕಿಗೆ ಏನೂ ಇಲ್ಲೇನ್ರಿ ಅಂದಳು ಅವ್ವ. ಖಾಸಗಿಯೊಳಗ ಅದಾವ್ರಿ, ಹೊರಗಿನ ರಾಜ್ಯದವ್ರ ಫೀಸು ಕಟ್ಬೇಕು — ಎಷ್ಟು ಅಂತ ಹೇಳಿದಾಗ ಅಪ್ಪ ನಕ್ಕುಬಿಟ್ಟ, ಅವನಿಗೆ ಅಳು ಬಂದಾಗ ನಗುವುದೇ ರೂಢಿ. ಹೊರಗಿನ ರಾಜ್ಯದವಳು! ಒಂದೇ ಹೊಟ್ಟೆಯಲ್ಲಿ ಮಂಡಿಗೆ ಮಂಡಿ ಹಚ್ಚಿ ಕೂತವರಲ್ಲಿ ಒಬ್ಬಳು ಒಳಗಿನವಳು, ಒಬ್ಬಳು ಹೊರಗಿನವಳು. ಉಮರ್ಗಾದ ಕಡೆ ಕೇಳಿಸಿದರೆ ಅವರದೂ ಅದೇ ರಾಗ, ಹನ್ನೆರಡನೆಯದು ಇಲ್ಲಿ ಓದಿಲ್ಲ, ನೀನು ಕರ್ನಾಟಕದವಳು ಅಂದರಂತೆ.

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೈವೇಗೆ ಬಿದ್ದು ಎಡಕ್ಕೆ ಹೊರಳಿತು, ಸೋನಿಯ ತಲೆ ಹೆಗಲಿನಿಂದ ಜಾರಿ ಮತ್ತೆ ತಾನೇ ಬಂದು ಕೂತಿತು. ಬಲಕ್ಕೆ ಹೊರಳಿದ್ದರೆ ಉಮರ್ಗಾ. ಅವತ್ತು ಬಲಕ್ಕೇ ಹೊರಳಿತ್ತು, ಅಂಬರೀಷ ಮಾಮಾನ ಜೀಪು, ಹಿಂದಿನ ಸೀಟಿನಲ್ಲಿ ಹಳದಿ ಫ್ರಾಕು ಹಾಕಿಕೊಂಡು ತಾನು, ಎದೆಯ ಮೇಲೆ ಚಿಟ್ಟೆಯ ಕಸೂತಿ, ಫ್ರಾಕು ತಂದದ್ದು ತನಗಲ್ಲ, ಸೋನಿಗೆ. ಎಲ್ಲಾ ಆಯಿಯ ಹಟ, ಶೇವಂತಾಬಾಯಿ ಆಯಿ ಅಪ್ಪನ ಅವ್ವ, ಅವಳ ಮಾತು ಅಂದರೆ ಮನೆಯಲ್ಲಿ ಕಲ್ಲಿನ ಗೆರೆ, ಜೋಡಿ ಕೂಸು ಹತ್ತು ದಾಟಿದ ಮ್ಯಾಲ ಒಂದೇ ಸೂರಿನ ಕೆಳಗ ಇರಬಾರ್‍ದು, ಒಬ್ರ ದೈವ ಒಬ್ರು ತಿಂತಾರ, ಒಂದು ಸೋದರಮಾವನ ಮನ್ಯಾಗ ಬೆಳೀಬೇಕು. ಯಾವುದನ್ನು ಕೊಡುವುದು? ಸೋನಿ ಓದಿನಾಗ ಮಂದ ಅದಾಳ, ಅಲ್ಲಿ ಸುಧಾರಿಸ್ತಾಳ, ಸೋನಿನೇ ಹೋಗ್ಲಿ ಅಂತ ಆಯಿಯೇ ತೀರ್ಮಾನಿಸಿದಳು. ತಾನು ಅವತ್ತು ಅನ್ನ ಬಿಟ್ಟಿದ್ದಳು, ಯಾಕ ಅಕಿಗೇ ಫ್ರಾಕು, ಯಾಕ ಅಕಿಗೇ ಬೂಟಿನ ಶಾಲಿ, ಯಾಕ ಅಕಿಗೇ ಮಾಮಾ, ಹೊಟ್ಟೆಯಲ್ಲಿ ಕಿಚ್ಚು ಅಂದರೆ ಏನು ಅಂತ ಮೊದಲು ತಿಳಿದದ್ದೇ ಅವತ್ತು. ಮಾಮಾನ ಜೀಪು ಅಂಗಳಕ್ಕೆ ಬಂದಾಗ ಸೋನಿ ಇಲ್ಲ. ಮನೆ ಹುಡುಕಿದರು, ಕೊಟ್ಟಿಗೆ ಹುಡುಕಿದರು, ಬಾವಿಗೆ ಹಣಕಿದರು, ಅವ್ವ ಎದೆ ಬಡಿದುಕೊಳ್ಳತೊಡಗಿದಳು, ಅಷ್ಟರಲ್ಲಿ ಮಾಮಾ ಹಿತ್ತಲಿನಿಂದ ಗಹಗಹಿಸಿ ನಕ್ಕ, ಇಲ್ಲಿ ಬಂದು ನೋಡ್ರಿ, ಬಣವಿಗಿ ಕಾಲು ಹುಟ್ಟೈತಿ! ಜೋಳದ ಕಣಿಕೆಯ ಬಣವಿ, ಅದರ ಬುಡದಲ್ಲಿ ಒಂದೇ ಒಂದು ಪಾದ, ಮಣ್ಣು ಮೆತ್ತಿದ ಹಿಮ್ಮಡಿ, ಬೆಳ್ಳಿಯ ಚೈನು, ಕಿರುಬೆರಳು ಮಡಚುತ್ತಿದೆ, ಬಿಚ್ಚುತ್ತಿದೆ, ಮಡಚುತ್ತಿದೆ. ಮಾಮಾ ಹಿಡಿದು ಎಳೆದ, ಉಠ್ ಉಠ್, ಚಲ್, ಒಳಗಿನಿಂದ ಕರು ಒದರಿದಂತೆ ಒದರಿದಳು ಸೋನಿ, ನಾ ಒಲ್ಲೆ, ನಾ ಅವ್ವನ್ನ ಬಿಟ್ಟು ಒಲ್ಲೆ. ಮಾಮಾ ಕೈ ಬಿಟ್ಟ. ತಾನು ಅಷ್ಟರಲ್ಲಿ ಒಳಗೆ ಹೋಗಿ ಹಳದಿ ಫ್ರಾಕು ಹಾಕಿಕೊಂಡು ಬಂದು ಜೀಪಿನ ಹತ್ತಿರ ನಿಂತಿದ್ದಳು. ಎಲ್ಲರೂ ನಕ್ಕರು, ಇದು ಹುಷಾರೈತಿ ನೋಡು, ಇದೇ ಬರ್ಲಿ ಅಂದ ಮಾಮಾ.

ಗೆದ್ದೆ ಅಂದುಕೊಂಡಿದ್ದಳು! ಜೀಪಿನ ಹಿಂದಿನ ಗಾಜಿನಿಂದ ನೋಡಿದರೆ ಅವ್ವನ ಸೆರಗಿನೊಳಗೆ ತಲೆ ಹುದುಗಿಸಿ ನಿಂತ ಸೋನಿ, ಆ ಸೆರಗು ಎಷ್ಟು ಬೇಗ ಸಣ್ಣದಾಯಿತು, ಆಮೇಲೆ ವರ್ಷಗಟ್ಟಲೆ ಬೂಟಿಗೆ ಪಾಲಿಶ್ ಹಚ್ಚಿದ್ದೇ ಹಚ್ಚಿದ್ದು, ಮರಾಠಿಯಲ್ಲಿ ಫಸ್ಟು, ಗಣಿತದಲ್ಲಿ ಫಸ್ಟು, ಮಾಮಿ ಒಳ್ಳೆಯವಳೇ, ಆದರೆ ಬಿಸಿ ರೊಟ್ಟಿ ಮೊದಲು ತನ್ನ ಮಕ್ಕಳ ತಾಟಿಗೆ ಹಾಕುತ್ತಿದ್ದಳು, ಯಾರು ತಾನೇ ಹಾಕುವುದಿಲ್ಲ? ರಜೆಗೆ ಊರಿಗೆ ಬಂದರೆ ಸೋನಿ ಅವ್ವನ ಮಗ್ಗುಲಲ್ಲಿ ಮಲಗಿರುತ್ತಿದ್ದಳು, ತನಗೆ ಬೇರೆ ಹಾಸಿಗೆ, ಹೊಸ ಚಾದರ, ಬೀಗರಿಗೆ ಹಾಸುವಂಥದ್ದು. ಗೌರಿ ಆಕಳು ಈದಾಗ ಸೋನಿ ಇದ್ದಳು, ಕರುವಿನ ಮೂಗಿನೊಳಗಿನ ಲೋಳೆ ಬೆರಳಿಂದ ತೆಗೆದು ಉಸಿರು ಬರಿಸಿದವಳು ಸೋನಿ, ಅದನ್ನು ಫೋನಿನಲ್ಲಿ ಹೇಳುತ್ತ ಹೇಳುತ್ತ ಅತ್ತಳು, ಅಲ್ಲಿ ಉಮರ್ಗಾದಲ್ಲಿ ತಾನೂ ಅತ್ತಳು, ಆದರೆ ಕರುವಿಗಾಗಿ ಅಲ್ಲ. ದನದ ಡಾಕ್ಟರಾಗುತ್ತೇನೆ ಅಂತ ಮೊದಲು ಹೇಳಿದವಳು ಯಾರು? ತಾನು. ಆ ಫೋನು ಇಟ್ಟ ದಿನವೇ ಹೇಳಿದ್ದು. ಸೋನಿ ತನ್ನನ್ನು ನೋಡಿ ಫಾರ್ಮು ತುಂಬಿದ್ದು, ದೀಪಿ ಬರದಂಗ ನಾನೂ ಬರೀತೀನಿ ಅಂತ ಪ್ರತಿ ಖಾನೆಯಲ್ಲೂ ಇಣುಕಿ ನೋಡಿದ್ದು, ಏಳು ವರ್ಷದ ಖಾನೆ ಬಂದಾಗ ಅವಳು ಫಟ್ಟನೆ ಹೌದು ಅಂತ ಗುರುತು ಹಾಕಿದಳು, ತನ್ನ ಪೆನ್ನು ನಿಂತಿತು. ಸೀಟಿನ ಪಟ್ಟಿಯಲ್ಲಿ ಸೋನಿಯ ಹೆಸರು ಬಂದ ದಿನ ಓಣಿಯ ರಹೀಮಾ ಚಾಚಿ ಎದುರು ಬಂದು, ಮುಬಾರಕ್ ಬೇಟಿ, ಹುಷಾರ್ ಇದ್ದಾಕಿಗಿ ಸಿಕ್ಕೇ ಸಿಗ್ತದ ಅಂತ ನನಗ ಗೊತ್ತಿತ್ತು ಅಂತ ಪೇಢೆಯನ್ನು ಬಾಯಿಗೇ ತುರುಕಿದಳು — ತನ್ನ ಬಾಯಿಗೆ, ಸೋನಿ ಅಂತ ತಿಳಿದು. ಏನು ಹೇಳಬೇಕಿತ್ತು, ಚಾಚಿ ನಾ ಆಕಿ ಅಲ್ಲ ಅನ್ನಬೇಕಿತ್ತೇ, ಬಾಯಿ ತುಂಬ ಪೇಢೆ ಇತ್ತು, ನುಂಗಿದಳು.

ರಾಜೇಶ್ವರ ಹೋಯಿತು. ಕೆಂಪು ಹೊಲ, ಕರಿ ಹೊಲ, ಸೋಯಾ ಬಿತ್ತುವವರು, ಹೆಂಗಸರು ಸಾಲು ಹಿಡಿದು ಬಗ್ಗಿದ್ದಾರೆ. ಮುಖ ಒಂದೇ ಇದೆಯಲ್ಲ, ಬೀದರಿನಲ್ಲಿ ಕಾಗದ ತೋರಿಸುವಲ್ಲಿ ತಾನೇ ಹೋಗಿ ಸೋನಾಲಿ ಸಿದ್ದಪ್ಪ ಅಂತ ನಿಂತರೆ? ಫ್ರಾಕು ಹಾಕಿಕೊಂಡಂತೆ ಹೆಸರು ಹಾಕಿಕೊಂಡರೆ? ರಾತ್ರಿಯೆಲ್ಲ ಇದೇ ಮಸೆದದ್ದು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಮುಖ ಕೊಟ್ಟ ದೇವರು ಹೆಬ್ಬೆಟ್ಟು ಬೇರೆ ಕೊಟ್ಟಿದ್ದಾನೆ, ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಸೋನಿಯೂ ಹೊರಳಾಡುತ್ತಿದ್ದಳು, ದೀಪಿ, ಹಾಸ್ಟೆಲ್‌ನ್ಯಾಗ ಒಬ್ಬಾಕಿನೇ ಮಲಗ್ಬೇಕೇನ, ಅಂದಳು ಕತ್ತಲಲ್ಲಿ. ತಾನು ನಿದ್ದೆ ಬಂದವಳಂತೆ ಉಸಿರು ಬಿಟ್ಟಳು, ಕೇಳುವುದು ನೋಡು ನನ್ನ, ಒಬ್ಬಳೇ ಮಲಗಿ ಮಲಗಿ ಮೈ ಮರಗಟ್ಟಿದವಳನ್ನ. ನೀರಿನ ಟಾಕಿ, ಧಾಬಾ, ಮೊದಲ ಅಂಗಡಿಗಳು — ಬಂತೇ ಹುಮನಾಬಾದ್, ಇಷ್ಟು ಬೇಗ? ಎಬ್ಬಿಸಬೇಕು. ಎಬ್ಬಿಸುತ್ತಾಳೆ. ಇಗೋ ಎಬ್ಬಿಸುತ್ತಾಳೆ. ಎಬ್ಬಿಸದಿದ್ದರೆ? ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು, ಬಸ್ಸು ಕಲಬುರಗಿಯ ದಾರಿ ಹಿಡಿಯುತ್ತದೆ, ನನಗೂ ಜೋಂಪು ಹತ್ತಿತ್ತಪ್ಪಾ ಅಂದರೆ ಅಪ್ಪ ಏನನ್ನುತ್ತಾನೆ, ಎತ್ತಿನ ಮುಖ ನೋಡುತ್ತಾನೆ, ಆಯಿ ಹಣೆಬರಹ ಅನ್ನುತ್ತಾಳೆ, ಆಮೇಲೆ ಇಬ್ಬರೂ ಒಂದೇ, ಇಬ್ಬರಿಗೂ ಇಲ್ಲ, ಹುಟ್ಟಿದಾಗ ಇದ್ದ ಹಾಗೆ.

ಹುಮನಾಬಾದ್ ಹುಮನಾಬಾದ್, ಬೀದರಕ್ಕ ಹೋಗೋರು ಲಗೂ ಇಳೀರ್ರಿ, ಕಂಡಕ್ಟರು ಬಾಗಿಲು ಬಡಿಯುತ್ತಿದ್ದಾನೆ, ಜನ ಇಳಿಯುತ್ತಿದ್ದಾರೆ, ದೀಪಾಲಿ ಕಿಟಕಿಯ ಕಡೆ ನೋಡುತ್ತಿದ್ದಾಳೆ, ಕಬ್ಬಿನ ಹಾಲಿನ ಗಾಡಿ, ನೊಣ, ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆಯೆಂದರೆ ಸೋನಿಯ ತಲೆಗೆ ಕೇಳಿಸೀತು, ಹತ್ತುವವರು ಹತ್ತಿದರು, ಒಬ್ಬ ಮುದುಕಿ ಗಂಟು ಹೊತ್ತು ನಡುವೆ ಬಂದಳು, ಯಾರ್‍ದವ್ವಾ ಇದು ಕಾಲು, ದಾರ್‍ಯಾಗ ಚಾಚ್ಯಾರ, ತಗೀರಿ. ದೀಪಾಲಿ ಬಗ್ಗಿ ನೋಡಿದಳು. ಚಪ್ಪಲಿ ಕಳಚಿದ ಸೋನಿಯ ಕಾಲು ಸೀಟಿನಾಚೆ ಚಾಚಿಕೊಂಡಿತ್ತು, ಹಿಮ್ಮಡಿಯಲ್ಲಿ ಹೊಲದ ಮಣ್ಣು, ಬೆಳ್ಳಿಯ ಚೈನು, ಮುದುಕಿಯ ಗಂಟು ತಾಗಿದರೂ ಅಲ್ಲಾಡಲಿಲ್ಲ. ಕಿರುಬೆರಳು ಮಾತ್ರ ಮಡಚಿತು. ಬಿಚ್ಚಿತು. ಮಡಚಿತು — ಅಯ್ಯೋ ಇವಳ! ನಿದ್ದೆ ಮಾಡುವವರ ಬೆರಳು ಹೀಗೆ ಆಡುವುದಿಲ್ಲ, ಅಡಗಿದವರ ಬೆರಳು ಆಡುತ್ತದೆ, ಕಲ್ಯಾಣದಿಂದ ಇಲ್ಲಿಯವರೆಗೆ ಇವಳು ಮಲಗೇ ಇಲ್ಲ, ಅಡಗಿದ್ದಾಳೆ, ತನ್ನ ಹೆಗಲನ್ನೇ ಬಣವಿ ಮಾಡಿಕೊಂಡು ಅಡಗಿದ್ದಾಳೆ, ಬಸ್ಸು ದಾಟಿ ಹೋಗಲಿ ಅಂತ ಕಾಯುತ್ತಿದ್ದಾಳೆ, ಅವ್ವನ್ನ ಬಿಟ್ಟು ಒಲ್ಲೆ, ಕರು ಬಿಟ್ಟು ಒಲ್ಲೆ — ಒಲ್ಲೆ ಅಂತೆ! ತಾನು ಹಲ್ಲು ಕಚ್ಚಿ ಬೇಡುವುದನ್ನು ಇವಳು ಮತ್ತೆ ಒಲ್ಲೆ ಅನ್ನುತ್ತಾಳೆ, ಅವತ್ತು ಒಲ್ಲೆ ಅಂದದ್ದನ್ನು ತಾನು ಹಾಕಿಕೊಂಡು ಹೋದಳು, ಇವತ್ತು ಒಲ್ಲೆ ಅಂದರೆ ಯಾರು ಹಾಕಿಕೊಳ್ಳಬೇಕು, ಯಾರಿಗೂ ಬರುವುದಿಲ್ಲ ಇದು, ಮಣ್ಣುಪಾಲಾಗುತ್ತದೆ. ಕಂಡಕ್ಟರು ಸೀಟಿ ಊದಿದ, ಬಸ್ಸು ಕುಲುಕಿತು, ತಡೀರ್ರಿ, ತಡೀರ್ರಿ ಅಣ್ಣಾ, ಇಳ್ಯೋರು ಅದೀವಿ ಅಂತ ಯಾರೋ ಚೀರಿದರು, ತಾನೇ ಚೀರಿದ್ದು, ಫೈಲು ಕಂಕುಳಲ್ಲಿ ಅವುಚಿ ಬಗ್ಗಿ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಪ್ರೀತಿಯಿಂದಲ್ಲ, ಯಾರಾಣೆಗೂ ಪ್ರೀತಿಯಿಂದಲ್ಲ, ಹೊಟ್ಟೆಯ ಕಿಚ್ಚೆಲ್ಲ ಬೆರಳಿಗೆ ಇಳಿದಿತ್ತು, ಏಳ, ಎದ್ದೇಳ ರಂಡೆ, ನೀ ಹೋಗಬೇಕು, ನನ್ನ ಕಣ್ಣಮುಂದ ಹೋಗಬೇಕು, ಉಠ್, ಚಲ್. ಸೋನಿ ಕಣ್ಣು ತೆರೆಯಲಿಲ್ಲ, ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯತೊಡಗಿತು, ದೀಪಿ ಬಿಡು, ದೀಪಿ ನಾ ಒಲ್ಲೆ, ಅವತ್ತು ಮಾಮಾ ಇಲ್ಲಿಗೇ ಕೈ ಬಿಟ್ಟಿದ್ದ, ಬಿಡಬಾರದಿತ್ತು, ದೀಪಾಲಿ ಬಿಡಲಿಲ್ಲ, ಬಸ್ಸು ನಿಂತಿತ್ತು, ಜನ ನೋಡುತ್ತಿದ್ದರು, ಮುಷ್ಟಿಯೊಳಗೆ ಬೆಚ್ಚಗಿನ ಹಿಮ್ಮಡಿ, ಮಣ್ಣು, ಚೈನು, ಕಿರುಬೆರಳು ಮಡಚುತ್ತಿದೆ, ಬಿಚ್ಚುತ್ತಿದೆ, ಮಡಚುತ್ತಿದೆ