ಮೊದಲ ರೊಟ್ಟಿ ನಾಯಿಗೆ

ಇದು ನಡೆದದ್ದೇ, ಬಿಬವೇವಾಡಿ ಬಡಾವಣೆಯ ಅಷ್ಟೂ ನಾಯಿಗಳ ಮೇಲೆ ಆಣೆ. 2006ರಲ್ಲಿ ಅಲ್ಲೊಂದು ಓಣಿಯ ನಾಯಿ ಎಷ್ಟು ದಪ್ಪಗಾಗಿತ್ತೆಂದರೆ, ಅದು ಅಡ್ಡ ಮಲಗಿದರೆ ರಿಕ್ಷಾಗಳು ಬೇರೆ ಓಣಿ ಹಿಡಿಯುತ್ತಿದ್ದವು.

ಅದಕ್ಕೆ ಕಾರಣ ಚನ್ನಬಸವ್ವ. ಧಾರವಾಡ ಕಡೆಯ ಈ ಮುದುಕಿ, ಓಣಿ ಕಾಯುವ ನಾಯಿಗೆ ಮೊದಲ ರೊಟ್ಟಿ ಹಾಕದೆ ಮನೆಯವರಿಗೆ ಬಡಿಸಿದವಳಲ್ಲ. ಈಗೀಗ ತಟ್ಟಿದ್ದೆಲ್ಲ ನಾಯಿಗೇ ಹೋಗುತ್ತಿತ್ತು, ಬುಟ್ಟಿ ಖಾಲಿ. ಇದು ತನ್ನ ಮೇಲಿನ ಸಿಟ್ಟೇ ಎಂದು ಸೊಸೆ ಗೋದಾ ತಿಳಿದಳು. ನಾಳೆಯಿಂದ ತಾವಿಬ್ಬರೂ ತಮ್ಮ ಅಂಗಡಿಗೆ ಹೋಗುವಾಗ ಅತ್ತೆಯನ್ನು ಕೋಣೆಯಲ್ಲಿ ಕೂಡಿಹಾಕುವುದೆಂದು ಗಂಡ ಮಾರ್ತಾಂಡನನ್ನು ಒಪ್ಪಿಸಿದಳು. ಹೊಸ ಬೀಗವೂ ಬಂತು.

ಅಂದು ಚಹಾಕ್ಕೆ ಬಂದ ಮೇಲಿನ ಮನೆಯ ಮೆದುಳಿನ ಡಾಕ್ಟರ್ ನೀರಜಾ ಬೀಗ ನೋಡಿ ಕಾರಣ ಕೇಳಿದರು. ಆಮೇಲೆ ಚನ್ನಬಸವ್ವನಿಗೆ ರೊಟ್ಟಿ ಮಾಡಲು ಹೇಳಿ ಪಕ್ಕದಲ್ಲೇ ಕೂತರು. ಒಂದು ರೊಟ್ಟಿ ಬೆಂದು ಹೊರಗೆ ಹೋಯಿತು. ಇನ್ನೊಂದೂ ಹೊರಟಿತು.

"ಇದು ಎಷ್ಟನೇದ್ರಿ, ಅವ್ವಾ?"

"ಮೊದಲನೇದ ಅದವ್ವಾ. ನಾಯಿಗೆ ಹಾಕಿ ಬರ್ತೀನಿ. ಆಮ್ಯಾಲೆ ಗೋದಾಗ ಕೊಡಬೇಕು, ಮುಂಜಾನಿಂದ ಹಸದಾಳ ಪಾಪ."

ಗೋದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ಪ್ರತಿ ರೊಟ್ಟಿಯೂ ಮೊದಲನೆಯದೇ. ಆಸ್ಪತ್ರೆಗೆ ಕರೆದೊಯ್ದು ತೋರಿಸಿ ಎಂದರು ನೀರಜಾ.

"ವಯಸ್ಸಾದ ಮ್ಯಾಲೆ ಮರೀತದ. ಅದಕ್ಕ ಡಾಕ್ಟರ್ ಯಾಕ್ರಿ?" ಎಂದಳು ಗೋದಾ, ಆದರೂ ಸೋಲದೆ.

"ಇಷ್ಟು ಮರೆಯೋದು ಬರೀ ವಯಸ್ಸಲ್ಲ, ರೋಗ ಇರಬಹುದು. ನಮ್ಮ ತಲಿಯೊಳಗೂ ಓಣಿ ನಾಯಿಯಂಥ ಕಾವಲಿನ ಜೀವಕೋಶ ಅವ, ಗೋದಾ. ಮೈಕ್ರೋಗ್ಲಿಯಾ ಅಂತಾರ."

ಅವು ಮೆದುಳಿನ ಮೂಲೆಮೂಲೆ ಸುತ್ತುತ್ತವಂತೆ, ಕಸ ತಿನ್ನುತ್ತವಂತೆ, ರೋಗಾಣು ಕಂಡರೆ ಮೇಲೆ ಬೀಳುತ್ತವಂತೆ. ನಾವು ಹುಟ್ಟುವ ಮೊದಲೇ ಕೆಲಸಕ್ಕೆ ನಿಂತವು, ಒಂದು ದಿನ ರಜೆ ಕೇಳಿಲ್ಲ. ಗೋದಾ ಬೆರಗಿನಿಂದ ತನ್ನ ತಲೆಯನ್ನೇ ಮುಟ್ಟಿ ನೋಡಿಕೊಂಡಳು.

"ಮರೆವಿನ ರೋಗದಾಗ ಕಸ ಭಾಳ ಬೀಳ್ತದ. ಆಗ ಕಾವಲಿನವು ರೇಗಿ, ಮನಿ ಮಂದಿನ್ನೂ ಕಚ್ಚತಾವ. ಒಳ್ಳೆ ನರಕೋಶಕ್ಕೂ ಪೆಟ್ಟು. ಅವನ್ನ ಹೆಂಗ ಸಮಾಧಾನ ಮಾಡೋದು ಅಂತ ಇನ್ನೂ ಹುಡುಕಲಿಕ್ಕೆ ಹತ್ಯಾರ."

ಪೂರ್ತಿ ವಾಸಿ ಮಾಡುವ ಔಷಧ ಇಲ್ಲವೆಂದೂ ನೀರಜಾ ಮುಚ್ಚಿಡಲಿಲ್ಲ. ಆದರೆ ಕೆಲವರ ಮರೆವು ಥೈರಾಯ್ಡ್, ಜೀವಸತ್ವದ ಕೊರತೆಯಿಂದ ಬಂದಿರುತ್ತದೆ, ಅದು ಸರಿಹೋಗಬಹುದು. ಉಳಿದವರಿಗೂ ಗುಳಿಗೆ, ನಡಿಗೆ, ಮನೆಯವರ ಒಡನಾಟ ಆಸರೆಯಾಗುತ್ತವೆ ಎಂದರು.

ಮರುದಿನ ಬೀಗ ಕೊಂಡಲ್ಲಿಗೇ ವಾಪಸು ಹೋಯಿತು, ಅತ್ತೆ ಆಸ್ಪತ್ರೆಗೆ. ಮರೆವಿನ ರೋಗವೇ ಎಂದು ಗೊತ್ತಾಯಿತು. ಗುಳಿಗೆ ಶುರುವಾಯಿತು. ಅಂದಿನಿಂದ ಅತ್ತೆ ರೊಟ್ಟಿ ಮಾಡುವಾಗ ಗೋದಾ ಪಕ್ಕದಲ್ಲೇ ತಾಟು ಹಿಡಿದು ಕೂರತೊಡಗಿದಳು.

"ಅತ್ತೀ, ನಾಯಿದು ಆತ್ರಿ. ಇದು ನಂದು."

ನಾಯಿ ಸಣ್ಣಗಾಯಿತು. ರಿಕ್ಷಾಗಳು ಮತ್ತೆ ಓಣಿಗೆ ಬಂದವು.

ನಿಮ್ಮ ಮನೆಯಲ್ಲೂ ಯಾರಾದರೂ ಮಾಡಿದ್ದನ್ನೇ ಮಾಡುತ್ತಿದ್ದರೆ ಬೈಯಬೇಡಿ, ಬೀಗ ಹಾಕಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಈಗ ಬುಟ್ಟಿ ಇತ್ತ ತನ್ನಿ. ಮೊದಲನೆಯದು ನಾಯಿಗೆ ಸರಿ. ಎರಡನೆಯದು ಕಥೆ ಹೇಳಿದವರಿಗೆ, ಬೆಣ್ಣೆ ಹಚ್ಚಿ.